ಬಿಳಿಚೋಡು ರಸ್ತೆಯ ರಟ್ಟಿನ ಸ್ಟೇಷನ್

ಜಗಳೂರಿಗೆ ರೈಲು ಬರುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ಬಿಳಿಚೋಡು ರಸ್ತೆಯ ಹುಣಸೆಮರದ ಎದುರಿಗೇ ಸ್ಟೇಷನ್ ಆಗುತ್ತದೆ ಎಂದೂ ನಾನೇ ಹೇಳಿದೆ — ಅದೂ ಸುಳ್ಳು. ಯಾರೋ ಹೇಳಿದ್ದನ್ನು ನಂಬಿ ಹೇಳಿದ್ದಲ್ಲ, ಬಾಯಿತಪ್ಪಿ ಬಂದದ್ದೂ ಅಲ್ಲ. ಆ ಸ್ಟೇಷನ್ ಕಟ್ಟಿದವನು ನಾನು — ರಟ್ಟಿನಿಂದ, ಮೈದಾ ಅಂಟಿನಿಂದ, ನನ್ನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ. ಅದು ಎಂಥ ಸುಳ್ಳು ಎಂಬುದು ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ಚನ್ನಗಿರಿಯಲ್ಲಿ ನಾನು ಆಗ ಓಡಿಸುತ್ತಿದ್ದ ಪುಟ್ಟ ಆಟಿಕೆ ರೈಲನ್ನು ನೆನೆದು ಹೊಗಳುವವರು ಈಗಲೂ ಇದ್ದಾರೆ. "ಏನ್ ಕೈ ರೀ ನಿಮ್ದು!" ಎನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಆ ನಗು ಇನ್ನು ಸಾಕು ಅನಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಚನ್ನಗಿರಿಯ ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಕಪ್ಪುಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ತುಂಬುವುದರಲ್ಲಿ ನನಗೆ ಹೆಸರಿತ್ತು. ಮದುಮಗಳ ಸೀರೆಗೆ ಕೆಂಪು, ಮೂಗುಬೊಟ್ಟಿಗೆ ಒಂದು ಚುಕ್ಕೆ ಹಳದಿ — ಅಷ್ಟೇ ನನ್ನ ಕಲೆ. ಹಾಗಿರುವಾಗ ಮುಂಬಯಿಯಲ್ಲಿದ್ದ ನನ್ನ ಸೋದರಮಾವ ಒಂದು ಆಟಿಕೆ ರೈಲು ತಂದುಕೊಟ್ಟ. ಅವನ ಯಜಮಾನರ ಮಕ್ಕಳು ಆಡಿ ಬಿಟ್ಟದ್ದು. ಎಂಜಿನ್, ಡಬ್ಬಿಗಳು, ತುಂಡು ತುಂಡು ಹಳಿ. ಸೆಲ್ಲಿಗೆ ತಂತಿ ಜೋಡಿಸಿ ಗುಂಡಿ ಒತ್ತಿದೆ — ಎಂಜಿನ್ ಒಮ್ಮೆ ಕೆಮ್ಮಿದಂತೆ ಮಾಡಿ, ನೆಲದ ಮೇಲೆ ಗಿರ್ರನೆ ಹೊರಟೇಬಿಟ್ಟಿತು! ನನ್ನ ಹೆಂಡತಿ ಕಮಲ ಸೆರಗು ಹಿಡಿದುಕೊಂಡು ಹಾರಿ ಆಚೆ ನಿಂತಳು. ನನಗಾಗ ಮೂವತ್ತು ದಾಟಿತ್ತು. ಆದರೂ ಆ ದಿನ ಗಿರಾಕಿಗಳು ಬಾಗಿಲು ಬಡಿದರೂ ತೆರೆಯಲಿಲ್ಲ.

ರೈಲೇನೋ ಓಡಿತು. ಎಲ್ಲಿಗೆ ಓಡಬೇಕು? ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು. ಆಗ ನನಗೆ ಹೊಳೆದದ್ದು — ಚನ್ನಗಿರಿಗೆ ರೈಲಿಲ್ಲ. ಹೊನ್ನಾಳಿಗಿಲ್ಲ, ನ್ಯಾಮತಿಗಿಲ್ಲ, ಜಗಳೂರಿಗಿಲ್ಲ. ಇಲ್ಲದಿದ್ದರೇನಾಯಿತು, ನಾನು ಹಾಕುತ್ತೇನೆ!

ಆ ಹುಚ್ಚನ್ನು ಹೇಗೆ ಹೇಳಲಿ — ಫೋಟೋ ಪೇಪರ್ ಬರುವ ಡಬ್ಬಿಯ ದಪ್ಪ ರಟ್ಟನ್ನು ಬ್ಲೇಡಿನಿಂದ ಕೊರೆದು ಗೋಡೆ ಮಾಡಿದೆ. ಒದ್ದೆ ಕಾಗದವನ್ನು ಬಾಚಣಿಗೆಯ ಮೇಲೆ ಒತ್ತಿ ಒಣಗಿಸಿದರೆ ಸಾಲುಸಾಲು ಹೆಂಚು! ಹಳೆಯ ಫಿಲ್ಮನ್ನು ತೊಳೆದರೆ ಕಿಟಕಿಯ ಗಾಜು. ಹೊನ್ನಾಳಿಗೆ ತುಂಗಭದ್ರೆ ಬೇಕಲ್ಲ — ಹಳೆಯ ಫೋಟೋ ತೊಳೆದು ಅಳಿಸಿದ ಗಾಜಿನ ಪ್ಲೇಟುಗಳ ಹಿಂಬದಿಗೆ ಹಸಿರುನೀಲಿ ಬಳಿದು ಮಲಗಿಸಿದೆ. ಮೇಲಿನಿಂದ ನೋಡಿದರೆ ನೀರು, ಆಳದ ನೀರು. ಬೆಂಕಿಕಡ್ಡಿಯ ಸೇತುವೆ ಅದರಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ನ್ಯಾಮತಿಯ ಗೂಡ್ಸ್ ಷೆಡ್ಡಿಗೆ ಬ್ಯಾಂಡೇಜ್ ಬಟ್ಟೆಯ ಚೀಲ ಹೊಲಿದು, ಒಳಗೆ ರಾಗಿ ತುಂಬಿ ಕೊಟ್ಟವಳು ಕಮಲ. "ನನ್ನ ಮನೆ ರಾಗಿ ಎಲ್ಲಾ ನಿಮ್ಮ ನ್ಯಾಮ್ತಿಗೆ ಹೋತು" ಎಂದು ಬೈಯುತ್ತಲೇ ಹೊಲಿದಳು.

ಎಲ್ಲಕ್ಕಿಂತ ಸುಖ ಬಣ್ಣದಲ್ಲಿತ್ತು. ಹೊಸ ಗೋಡೆಯನ್ನು ಹಳೆಯದು ಮಾಡಬೇಕು. ಗೋಡೆಯ ಬುಡಕ್ಕೆ ಪಾಚಿಯ ಹಸಿರು, ಬಾಗಿಲ ಚೌಕಟ್ಟಿಗೆ ಕೈ ತಾಗಿ ತಾಗಿ ಬಂದ ಜಿಡ್ಡು, ಹಳದಿ ಬೋರ್ಡಿನ ಮೇಲೆ ಸಾಸಿವೆಯಷ್ಟು ಕಪ್ಪಕ್ಷರ. ಆ ಅಕ್ಷರ ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಬಿಟ್ಟರೆ "ಹೊನ್ನಾಳಿ" ಹಾಳು!

ಜಗಳೂರನ್ನು ಕೊನೆಗೆ ಕಟ್ಟಿದೆ. ಅದಕ್ಕಾಗಿ ಬಸ್ಸು ಹತ್ತಿ ಹೋಗಿ ನೋಡಿ ಬಂದೆ. ಊರ ಹೊರಗೆ, ಬಿಳಿಚೋಡು ರಸ್ತೆಯಲ್ಲಿ ಒಂದು ಒಂಟಿ ಹುಣಸೆಮರ, ಅದರೆದುರು ಬರೀ ಬಯಲು, ಕೆಂಪು ನೆಲ. ಇಲ್ಲಿ ಸ್ಟೇಷನ್ ಇಟ್ಟರೆ ಎಷ್ಟು ಚೆಂದ ಕಾಣುತ್ತದೆ ಅನಿಸಿತು. ಚೆಂದ ಕಂಡಿತು — ಆ ಜಾಗವನ್ನು ಆರಿಸಿದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ. ದಯವಿಟ್ಟು ಇದನ್ನು ನೆನಪಿಡಿ.

ಎಲ್ಲವನ್ನೂ ಸ್ಟುಡಿಯೋದ ಮುಂದಿನ ಗಾಜಿನ ಹಿಂದೆ ಜೋಡಿಸಿದೆ. ಮೊದಲ ದಿನವೇ ರಸ್ತೆಯಲ್ಲಿ ಸೈಕಲ್ಲುಗಳು ನಿಂತವು. ಸಂತೆಯ ದಿನವಂತೂ ಗಾಜಿಗೆ ಮೂಗು ಒತ್ತಿದವರ ಉಸಿರಿಗೇ ಮಂಜು ಕಟ್ಟುತ್ತಿತ್ತು. ರೈಲು ಹೊನ್ನಾಳಿ ಸೇತುವೆ ದಾಟಿದರೆ ಹೋ ಎನ್ನುವರು! ಒಬ್ಬ ಹಿರಿಯರು ಕೇಳಿದರು — "ಇದು ಸರ್ಕಾರದ ಪ್ಲಾನೇನ್ರಿ?"

ಅಲ್ಲ ಎನ್ನಬೇಕಿತ್ತು. ನಾನು ಬರೀ ನಕ್ಕೆ. ಆ ನಗುವನ್ನು ಅವರು ಹೌದು ಎಂದುಕೊಂಡರು. ಮರುದಿನದಿಂದ ಜನ ಬಂದದ್ದು ಆಟಿಕೆ ನೋಡಲಿಕ್ಕಲ್ಲ, ನಾಳೆಯನ್ನು ನೋಡಲಿಕ್ಕೆ. ಅವರು ಪ್ರಶ್ನೆ ಕೇಳುವಾಗ ದನಿ ತಗ್ಗಿಸುತ್ತಿದ್ದರು, ದೊಡ್ಡ ಸಾಹೇಬರನ್ನು ಕೇಳುವ ಹಾಗೆ. ಅದರ ರುಚಿ — ಅದನ್ನು ಒಮ್ಮೆ ಉಂಡ ಮೇಲೆ ಬಿಡುವುದು...

ಹಾಲಮ್ಮ ಬಂದದ್ದು ಆಗಲೇ. ಅವರ ತವರು ನಮ್ಮ ಚನ್ನಗಿರಿ ಪಕ್ಕದ ಹಳ್ಳಿ, ಕೊಟ್ಟದ್ದು ಬಿಳಿಚೋಡಿಗೆ. ಗಂಡ ನಾಗಪ್ಪನವರ ಜೊತೆ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ನಡೆಸುತ್ತಿದ್ದರು. ಬಸ್ಸಿಳಿದವರು ನೇರ ಅಲ್ಲಿಗೇ ಬರುವಂಥ ಜಾಗ. ಗಂಡಹೆಂಡತಿ ಜೋಡಿ ಫೋಟೋ ತೆಗೆಸಲು ಬಂದವರು ಗಾಜಿನ ಮುಂದೆಯೇ ನಿಂತುಬಿಟ್ಟರು.

"ಅಣ್ಣಾರೆ, ಇದು ನಮ್ಮ ಬಿಳಿಚೋಡು ರಸ್ತೆ ಅಲ್ವೇನ್ರಿ? ಆ ಹುಣ್ಸೆಮರ ನಾ ದಿನಾ ನೋಡ್ತೀನಿ. ಅಲ್ಲೇ ಬರ್ತೈತಾ ಟೇಸನ್ನು?"

ಅಷ್ಟು ದೂರದ ಒಂದು ಮರವನ್ನು ಅವರು ಗುರುತು ಹಿಡಿದಿದ್ದರು! ನಾನು ಕಟ್ಟಿದ ಮರವನ್ನು! ನನ್ನ ಕಾಲು ನೆಲದ ಮೇಲಿರಲಿಲ್ಲ.

"ಅಲ್ಲೇ ಬರ್ತೈತಕ್ಕ" ಎಂದೆ.

"ಖರೇನಾ?"

"ಖರೇನೇ. ನಾನೇ ಹೋಗಿ ಜಾಗ ನೋಡ್ಕೊಂಡು ಬಂದೀನಿ."

ಆ ಕೊನೆಯ ಮಾತು ನಿಜವಾಗಿತ್ತು. ಒಂದು ನಿಜವನ್ನು ತಂದು ಸುಳ್ಳಿಗೆ ಊರುಗೋಲಾಗಿ ಕೊಟ್ಟೆ. ನಾಗಪ್ಪನವರು ಮಾತ್ರ ಗಾಜಿನ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು.

ವರ್ಷದ ಮೇಲಾಗಿರಬೇಕು. ಒಂದು ಮದುವೆಯ ಫೋಟೋಗೆಂದು ಜಗಳೂರಿಗೆ ಹೊರಟಿದ್ದೆ. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ — ಹುಣಸೆಮರದ ಎದುರು, ಆ ಬಯಲಿನಲ್ಲಿ ತಗಡಿನ ಛಾವಣಿಯ ಒಂದು ಹೋಟೆಲು! ಮೇಲೆ ಸುಣ್ಣದಲ್ಲಿ ಬರೆದ ಬೋರ್ಡು — "ರೈಲ್ವೆ ಸ್ಟೇಷನ್ ಹೋಟೆಲ್". ಕೂಗಿ ಬಸ್ಸು ನಿಲ್ಲಿಸಿ ಇಳಿದೆ.

"ಬರ್ರಿ, ಬರ್ರಿ! ರೀ, ಯಾರು ಬಂದಾರೆ ನೋಡ್ರಿ, ಫೋಟೋದಣ್ಣ!" ಹಾಲಮ್ಮ ಸೆರಗಿನಲ್ಲಿ ಬೆಂಚು ಒರೆಸಿದರು. ಬಿಸಿ ಮೆಣಸಿನಕಾಯಿ ಬಂತು, ಚಹಾ ಬಂತು. ಬಸ್ ಸ್ಟ್ಯಾಂಡಿನ ಅಂಗಡಿ ಬಿಟ್ಟುಕೊಟ್ಟು ಬಂದೆವು ಎಂದರು. ಬೇರೆಯವರು ಬರುವ ಮೊದಲೇ ಜಾಗ ಹಿಡಿಯಬೇಕಲ್ಲ ಎಂದರು. ಹೋಟೆಲಿನಲ್ಲಿ ಬೇರೆ ಗಿರಾಕಿ ಇರಲಿಲ್ಲ. ಒಲೆಯ ಪಕ್ಕ ನಾಗಪ್ಪನವರು ಕಟ್ಟಿಗೆ ಸರಿಸುತ್ತಿದ್ದರು.

"ರೈಲಿನ ಕೆಲ್ಸ ಎಲ್ಲೀಗಂಟ ಬಂತ್ರಿ, ಅಣ್ಣಾರೆ?"

ಆಗ ಹೇಳಬಹುದಿತ್ತು. ಇನ್ನೂ ಹೊತ್ತು ಮೀರಿರಲಿಲ್ಲ, ಅಂಗಡಿಯ ಜಾಗ ವಾಪಸ್ ಕೇಳಬಹುದಿತ್ತು. ಬಾಯಿಯಲ್ಲಿ ಅವರೇ ಕರಿದ ಮೆಣಸಿನಕಾಯಿ ಇತ್ತು. ಅದನ್ನು ಅಗಿಯುತ್ತಲೇ ಹೇಳಿದೆ — "ಸಾಮಾನು ಬರ್ತಾ ಐತಂತೆ. ಇನ್ನೊಂದ್ ವರ್ಷ ತಡೀರಿ."

ಮೊದಲ ಸುಳ್ಳಿಗೆ ಉತ್ಸಾಹ ಎಂಬ ಹೆಸರಾದರೂ ಇತ್ತು. ಇದಕ್ಕೆ...

ಇನ್ನೂ ನಾಚಿಕೆಯ ಮಾತು ಮುಂದಿದೆ. ವಾಪಸ್ಸು ಬರುವ ದಾರಿಯುದ್ದಕ್ಕೂ ನನಗೆ ದುಃಖವಿರಲಿಲ್ಲ, ಸಂಭ್ರಮವಿತ್ತು. ನನ್ನ ರಟ್ಟಿನ ಊರು ನೆಲದ ಮೇಲೆ ಬೆಳೆಯುತ್ತಿದೆ! ನಾನು ಸ್ಟೇಷನ್ ಇಟ್ಟೆ, ಅಲ್ಲಿ ಹೋಟೆಲು ಹುಟ್ಟಿತು! ಮನೆಗೆ ಬಂದವನೇ ಬ್ಲೇಡು ಹಿಡಿದೆ. ಟೂತ್‌ಪೇಸ್ಟ್ ಟ್ಯೂಬು ಬಿಡಿಸಿ ತಗಡಿನ ಛಾವಣಿ, ಬೆಂಕಿಕಡ್ಡಿಯ ಬೆಂಚು, ಒಲೆಯ ಬಾಯಿಗೆ ಒಂದು ಚುಕ್ಕೆ ಕಿತ್ತಳೆ ಬಣ್ಣ. ನಾನು ಮಾಡಿದ್ದರಲ್ಲೆಲ್ಲ ಅತ್ಯಂತ ಚೆಲುವಾದದ್ದು ಅದೇ. ಅದನ್ನು ಹುಣಸೆಮರದೆದುರು ಅಂಟಿಸುವಾಗ ಕಮಲ ಬಂದು ನಿಂತಳು. ನಡೆದದ್ದನ್ನೆಲ್ಲ ಹೇಳಿದೆ, ಕುಣಿಯುತ್ತಾ ಹೇಳಿದೆ.

"ಆಯಮ್ಮಂಗೆ ನಿಜ ಹೇಳಿದ್ರಾ?" ಎಂದು ಕೇಳಿದಳು.

"ಹೇಳೋಣ ಬಿಡು."

ಅಂದಿನಿಂದ ಅವಳು ಆ ರೈಲಿಗೆ ಕೈ ಹಾಕಲಿಲ್ಲ.

ಹೋಟೆಲು ಮುಚ್ಚಿದ ಸುದ್ದಿ ಹಾಲಮ್ಮನವರ ತವರಿನವರಿಂದಲೇ ತಿಳಿಯಿತು. ಬಸ್ ಸ್ಟ್ಯಾಂಡಿನ ಜಾಗದಲ್ಲಿ ಬೇರೆಯವರು ಬೇರು ಬಿಟ್ಟಿದ್ದರು. ಗಂಡಹೆಂಡತಿ ಬಿಳಿಚೋಡಿಗೆ ಹಿಂದಿರುಗಿ ಕಂಡವರ ಹೊಲದಲ್ಲಿ ಕೂಲಿಗೆ ನಿಂತರು. ನಾನು ಹೋಗಲಿಲ್ಲ. ಗಾಜು ಒರೆಸಿದೆ, ರೈಲು ಓಡಿಸಿದೆ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಹಾಲಮ್ಮ ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದರು. ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ಬೇಕಿತ್ತು. ಗಾಜಿನೊಳಗೆ ತಮ್ಮ ಹೋಟೆಲನ್ನು ಕಂಡವರು ಬಹಳ ಹೊತ್ತು ಬಗ್ಗಿ ನೋಡಿದರು. ಬೈದರೆ ಸಾಕು, ಬೈದುಬಿಟ್ಟರೆ ಸಾಕು...

ಅವರು ಪಕ್ಕದಲ್ಲಿ ಕೂತಿದ್ದ ಗಿರಾಕಿಯ ಕಡೆ ತಿರುಗಿದರು. "ಸರ್ಕಾರದವ್ರು ಮೋಸ ಮಾಡಿದ್ರು ನೋಡ್ರಿ. ಈಯಣ್ಣ ಪಾಪ ನಮ್ಮ ಒಳ್ಳೇದಕ್ಕೇ ಹೇಳಿದ್ರು. ನಮ್ಮ ಮನೇರು ಈಯಣ್ಣನ ಮ್ಯಾಲೇ ಅನುಮಾನ ಪಟ್ರು. ದೇವರಂಥ ಮನುಷ್ಯನ್ನ ಹಿಂಗಂತೀರಾ ಅಂತ ನಾನೇ ಬಾಯಿ ಮುಚ್ಚಿಸ್ದೆ. ಈಗ ಆ ಮಾತು ಎತ್ತಿದ್ರೆ ಉಣ್ಣೋದು ಬಿಟ್ಟು ಎದ್ದು ಹೋಗ್ತಾರೆ."

ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿದೆ. ಫೋಟೋ ಚೆನ್ನಾಗಿ ಬಂತು. ಆ ಹುಡುಗಿಯ ಮದುವೆಯೂ ಆಯಿತು. ಆದರೆ ಹಾಲಮ್ಮ ಹೇಳಿದ್ದು ಕಿವಿಯಿಂದ ಇಳಿಯಲಿಲ್ಲ. ಅವರ ಹೋಟೆಲನ್ನಷ್ಟೇ ನಾನು ಕೆಡಿಸಿಲ್ಲ, ಒಂದು ಮನೆಯೊಳಗೆ ಸರಿ ಹೇಳಿದವನನ್ನು ತಪ್ಪಿತಸ್ಥನ ಜಾಗದಲ್ಲಿ ಕೂರಿಸಿದ್ದೇನೆ — ಇದು ತಿಳಿದ ಮೇಲೂ ತಡಮಾಡಿದೆ. ಕೊನೆಗೊಂದು ದಿನ ಕಮಲಳಿಗೆ ಹೇಳಿ ಬಸ್ಸು ಹತ್ತಿದೆ.

ಬಿಳಿಚೋಡಿನ ಅವರ ಮನೆಯ ಜಗಲಿಯಲ್ಲಿ ನಾಗಪ್ಪನವರು ಶೇಂಗಾ ಸುಲಿಯುತ್ತಿದ್ದರು. ಹಾಲಮ್ಮ ನನ್ನನ್ನು ಕಂಡು ಹಿಗ್ಗಿ, ಚಹಾಕ್ಕೆ ನೀರಿಟ್ಟು ಬಂದರು.

"ಅಕ್ಕಾರೆ, ಒಂದು ಮಾತು ಹೇಳಾಕೆ ಬಂದೀನಿ" ಎಂದೆ. "ಸರ್ಕಾರದವರು ನಿಮಗೆ ಮೋಸ ಮಾಡಿಲ್ಲ. ರೈಲು ಬರ್ತೈತೆ ಅಂತ ಯಾರೂ ಹೇಳಿರ್ಲಿಲ್ಲ. ಅದು ನಾನು ಹುಟ್ಟಿಸಿದ್ದು. ನಿಮ್ಮ ಹೋಟ್ಲಿಗೆ ಬಂದಾಗ್ಲೂ ಗೊತ್ತಿದ್ದೇ ಸುಳ್ಳು ಹೇಳಿದೆ. ನಾಗಪ್ಪಾರು ಅಂದದ್ದೇ ಸರಿ."

ಅವರು ನನ್ನ ಕಡೆ ನೋಡಲಿಲ್ಲ. ಗಂಡನ ಕಡೆ ತಿರುಗಿದರು.

"ರೀ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಸುಮ್ನಾದ್ರಿ?"

ನಾಗಪ್ಪನವರು ಒಂದು ಕಾಯಿ ಒಡೆದು ಬೀಜವನ್ನು ಮೊರಕ್ಕೆ ಹಾಕಿದರು. "ನೀ ಅಷ್ಟು ನಂಬಿದ್ದೆಯಲ್ಲ."

ಹಾಲಮ್ಮ ಹೋಗಿ ಅವರ ಪಕ್ಕ ಕೂತರು. ಮೊರವನ್ನು ತಮ್ಮ ಕಡೆಗೆ ಸ್ವಲ್ಪ ಎಳೆದುಕೊಂಡು ತಾವೂ ಸುಲಿಯತೊಡಗಿದರು. ಒಳಗೆ ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು, ಯಾರೂ ಏಳಲಿಲ್ಲ. ನಾನು ನಿಂತೇ ಇದ್ದೆ. ಕೊನೆಗೆ ಹಾಲಮ್ಮ ತಲೆಯೆತ್ತದೆ ಅಂದರು —

"ಹೋಗ್ರಿ."

ನಮ್ಮ ಕಡೆ ಮನೆಗೆ ಬಂದವರ ಮೇಲೆ ಎಷ್ಟೇ ಸಿಟ್ಟಿದ್ದರೂ "ಹೋಗಿ ಬರ್ರಿ" ಎನ್ನುತ್ತಾರೆ. ಹಾಲಮ್ಮ "ಬರ್ರಿ" ಅನ್ನಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಇಳಿದೆ.