ಮಲ್ಕಪ್ಪನ ಹೊಲದಲ್ಲಿ ಸಿಕ್ಕ ಎಲುಬು

ಗುರುದೇವಿ ಶಹಾಪುರದ ಕಿರಾಣಿ ಅಂಗಡಿಯವರ ಮಗಳು. ಪುಣೆಯಲ್ಲಿ ಪುರಾತನ ಎಲುಬುಗಳ ಅಧ್ಯಯನ ಮಾಡಿ ಕಲಬುರಗಿಯ ಕಾಲೇಜೊಂದರಲ್ಲಿ ಪ್ರಾಧ್ಯಾಪಕಿಯಾಗಿದ್ದಳು. ಊರಿಗೆ ಬಂದಾಗೆಲ್ಲ ಅವಳ ತಾಯಿ, ಎಲುಬು ಮುಟ್ಟಿದ ಮೈಲಿಗೆ ಕಳೆಯಲೆಂದು, ಅಂಗಳದಲ್ಲೇ ತಲೆಗೆ ನೀರು ಹಾಕಿ ಒಳಗೆ ಕರೆಯುತ್ತಿದ್ದರು.

ಸುರಪುರದಾಚೆ ಮಲ್ಕಪ್ಪನ ಹೊಲದಲ್ಲಿ, ಸುತ್ತಲೂ ಬಂಡೆ ನೆಟ್ಟ ಪುರಾತನ ಸಮಾಧಿಗಳಿದ್ದವು. ಪ್ರತಿ ಬೇಸಿಗೆ ಅವಳು ಅಲ್ಲಿ ಅಗೆಯುತ್ತಿದ್ದಳು. ಮಲ್ಕಪ್ಪ ಅವಳನ್ನು ತಂಗಿ ಎನ್ನುತ್ತಿದ್ದ. ಅವನ ಮನೆಯಿಂದಲೇ ರೊಟ್ಟಿ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಸಮಾಧಿಯೊಂದರ ಮೇಲ್ಮಣ್ಣಿನಲ್ಲೇ ಹೆಂಗಸಿನ ಅಸ್ಥಿಪಂಜರ ಸಿಕ್ಕಿತು. ತಲೆಬುರುಡೆ ಒಡೆದಿತ್ತು. ಗುರುದೇವಿ ಹಲ್ಲು ನೋಡಿ ಮಣ್ಣು ಸರಿಸುವ ಕುಂಚ ಕೆಳಗಿಟ್ಟಳು.

ಮಲ್ಕಪ್ಪನ ಮುಖ ಬಿಳಿಚಿತು. "ಇಲ್ಲಿರೋವೆಲ್ಲಾ ಸಾವಿರಾರು ವರ್ಷದ್ದು ಅಂತ ನೀನೇ ಹೇಳಿದ್ದಿ. ಇದೂ ಹಳೇದ ಅಂತ ಬರದ್ಬಿಡು, ತಂಗಿ."

"ಹಲ್ಲಿಗಿ ಸಿಮೆಂಟ್ ತುಂಬ್ಯಾರಣ್ಣ. ಹೆಂಗ ಬರೀಲಿ?"

ಮಲ್ಕಪ್ಪನ ತಮ್ಮ ನಿಂಗರಾಜನ ಹೆಂಡತಿ ಜ್ಯೋತಿ ಕೆಲವು ವರ್ಷಗಳ ಹಿಂದೆ ಯಾರೊಂದಿಗೋ ಓಡಿಹೋದಳೆಂದು ಊರೆಲ್ಲ ನಂಬಿತ್ತು. ಗುರುದೇವಿ ಪೊಲೀಸರಿಗೆ ಫೋನ್ ಮಾಡಿದಳು.

ದೇವಾಪುರದಿಂದ ಜ್ಯೋತಿಯ ತಾಯಿ ಬಾಲಮ್ಮ ಬಂದಳು.

"ಮಗಳ ಕೈ ಯಾವಾಗರ ಮುರದಿತ್ತೇನವ್ವ?" ಗುರುದೇವಿ ಕೇಳಿದಳು.

"ಹೌದ್ರಿ, ಎಡಗೈ. ಸಣ್ಣಾಕಿದ್ದಾಗ ಕುರಿ ಹಿಂದ ಓಡಿ ಬಿದ್ದಿದ್ಳು." ಅಸ್ಥಿಪಂಜರದ ಎಡಗೈಯಲ್ಲೂ ಹಳೆಯ ಮುರಿತವಿತ್ತು. ಗುರುದೇವಿ ತಲೆಯಾಡಿಸಿದ್ದು ನೋಡಿ ಬಾಲಮ್ಮ ನೆಲಕ್ಕೆ ಕೂತಳು. ಆಮೇಲೆ ಕೇಳಿದಳು: "ಭಾಳ ತ್ರಾಸ ಪಟ್ಟು ಸತ್ತಾಳೇನ್ರಿ?"

"ಇಲ್ಲವ್ವ. ಒಂದ ಏಟು. ಆಕಿಗಿ ಗೊತ್ತೇ ಆಗಿಲ್ಲ."

ಪಕ್ಕೆಲುಬುಗಳು ಹಲವು ಸಲ ಮುರಿದು ಕೂಡಿಕೊಂಡಿದ್ದವು. ಅದನ್ನು ಅವಳು ಹೇಳಲಿಲ್ಲ.

ಡಿಎನ್‌ಎ ಪರೀಕ್ಷೆಯಲ್ಲೂ ಜ್ಯೋತಿಯೆಂದೇ ಖಚಿತವಾಯಿತು. ನಿಂಗರಾಜನ ಬಂಧನವಾದ ವಾರದಲ್ಲೇ ಮಲ್ಕಪ್ಪ ಜೆಸಿಬಿ ತರಿಸಿ ಸಮಾಧಿಗಳ ಬಂಡೆಗಳನ್ನೆಲ್ಲ ಕಿತ್ತು ಹಳ್ಳಕ್ಕೆ ತಳ್ಳಿಸಿದ. ಅವನಿಗೆ ಮೊದಲೇ ಎಷ್ಟು ಗೊತ್ತಿತ್ತೋ, ಗುರುದೇವಿಗೆ ಕೊನೆಗೂ ತಿಳಿಯಲಿಲ್ಲ. ಆಮೇಲೆ ಸುತ್ತಲ ಹಳ್ಳಿಗಳಲ್ಲಿ ಯಾರೂ ಅವಳಿಗೆ ಅಗೆಯಲು ಹೊಲ ಕೊಡಲಿಲ್ಲ.

ಯಾದಗಿರಿ ನ್ಯಾಯಾಲಯದಲ್ಲಿ ಗುರುದೇವಿ ಸಾಕ್ಷಿ ಹೇಳುವ ದಿನ ಬಾಲಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಸರ್ಕಾರಿ ವಕೀಲರು ಪಕ್ಕೆಲುಬುಗಳ ಬಗ್ಗೆ ಕೇಳಿದರು. ಗುರುದೇವಿ ವಕೀಲರನ್ನೇ ನೋಡುತ್ತ ಹೇಳಿದಳು:

"ಬೇರೆ ಬೇರೆ ಕಾಲಕ್ಕೆ ಮುರಿದಿವೆ. ಸಾಯುವ ಮೊದಲು ವರ್ಷಗಟ್ಟಲೆ ಹೊಡೆತ ತಿಂದಿದ್ದಾಳೆ."

ಬಾಲಮ್ಮ ಬೆಂಚಿನಿಂದ ಎದ್ದು ಹೊರಗೆ ಹೋದಳು.

ನಿಂಗರಾಜನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪಿನ ದಿನ ಗುರುದೇವಿ ಹೊರಗೆ ಕಾದು ನಿಂತು, "ಅವ್ವಾ" ಎಂದಳು. ಬಾಲಮ್ಮ ಸೆರಗು ಬಾಯಿಗೊತ್ತಿಕೊಂಡು ಅವಳನ್ನು ದಾಟಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.