ಮಾವ ವಿಚಾರಿಸಿ ತಂದ ಗಾಡಿ

ನಮ್ಮ ಮಾವ ನಾರಾಯಣಪ್ಪನವರಿಗೆ ಎಪ್ಪತ್ತೆರಡು ವರ್ಷ. ಪೀಣ್ಯದ ಫ್ಯಾಕ್ಟರೀಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ರಿಟೈರ್ ಆದವರು. ಆದರೆ ಬೆಂಗಳೂರಿನ ನಮ್ಮ ಉಲ್ಲಾಳದಲ್ಲಿ ಯಾರನ್ನೇ ಕೇಳಿ, ಲೇತ್ ವಿಷಯ ಯಾರಿಗೂ ಗೊತ್ತಿಲ್ಲ. "ಓ, ವಿಚಾರಿಸೋ ನಾರಾಯಣಪ್ಪನವರಾ?" ಅಂತಾರೆ. ಸುತ್ತಮುತ್ತ ಯಾರ ಮನೇಲಿ ಸಂಬಂಧ ಕುದುರೋ ಹಾಗಿದ್ರೂ ಸರಿ, ಆ ಕಡೆಯವರು ಎಂಥ ಜನ ಅಂತ ತಿಳ್ಕೊಂಡು ಬರೋಕೆ ಇವರನ್ನೇ ಕಳಿಸೋದು. ಕಾಸು ಮುಟ್ಟಲ್ಲ. ಬಸ್ ಚಾರ್ಜು ಕೊಟ್ಟು, ವಾಪಸ್ ಬಂದಾಗ ಒಂದು ಲೋಟ ಕಾಫಿ ಕೊಟ್ರೆ ಸಾಕು.

ಅದಕ್ಕೊಂದು ಕ್ರಮ ಇಟ್ಕೊಂಡಿದಾರೆ. ಆ ಮನೆ ಬಾಗಿಲಿಗೆ ಹೋಗಲೇಬಾರದು. ಅದೇ ಬೀದಿಯ ಇಸ್ತ್ರಿ ಅಂಗಡಿ, ದಿನಸಿ ಅಂಗಡಿ, ಎದುರು ಮನೆ, ಈ ಮೂರು ಕಡೆ ಕೇಳಬೇಕು. ಸುಮ್ಮನೆ ಕೇಳಂಗಿಲ್ಲ, ದಿನಸಿ ಅಂಗಡೀಲಿ ಕಾಲು ಕೆಜಿ ಬೆಲ್ಲನಾದ್ರೂ ತಗೋಬೇಕು. ಎದುರು ಮನೇಲಿ ಬಾಯಾರಿಕೆ ಅಂತ ನೀರು ಕೇಳಬೇಕು. ಮೂರೂ ಕಡೆ ಒಂದೇ ಮಾತು ಬಂದ್ರೆ ಮುಗೀತು, ಓಲಗದವರಿಗೆ ಅಡ್ವಾನ್ಸ್ ಕೊಡಬಹುದು. ನಮ್ಮನೇಲಿ ಬೆಲ್ಲ ಯಾವತ್ತೂ ಖಾಲಿಯಾಗಿದ್ದಿಲ್ಲ.

ನಾನು ಅವರ ಸೊಸೆ ಸುಮಾ. ನನ್ನ ಬಾಯಿ ಸ್ವಲ್ಪ ಜೋರು ಅಂತ ನಮ್ಮತ್ತೆ ಅಂಜನಮ್ಮ ಹೇಳ್ತಾರೆ. ಸ್ವಲ್ಪ ಅಂದಿರೋದು ಅವರ ದೊಡ್ಡ ಮನಸ್ಸು.

ಹನ್ನೆರಡು ವರ್ಷ ಬ್ಲೌಸ್ ಹೊಲಿದು ನನ್ನ ಸೊಂಟ ಬಿದ್ದುಹೋಗಿತ್ತು. ಇನ್ನು ಮಿಷನ್ ಮೇಲೆ ಕೂರಬೇಡಿ ಅಂದ್ರು ಡಾಕ್ಟರು. ಕೂರದೆ ಇದ್ರೆ ಕಾಸೆಲ್ಲಿಂದ ಬರುತ್ತೆ? ನಮ್ಮ ಲೇಔಟಿನಿಂದ ಆರು ಜನ ಟೀಚರ್‌ಗಳು ರಾಜಾಜಿನಗರದ ಒಂದು ಸ್ಕೂಲಿಗೆ ಎರಡು ಬಸ್ಸು ಬದಲಾಯಿಸಿ ಹೋಗ್ತಿದ್ರು, ಎಲ್ಲರೂ ನನ್ನ ಹತ್ರ ಬ್ಲೌಸ್ ಹೊಲಿಸೋರೇ. "ನಾನೇ ಗಾಡಿ ಇಟ್ಟು ಕರ್ಕೊಂಡು ಹೋಗ್ತೀನಿ, ತಿಂಗಳಿಗಿಷ್ಟು ಕೊಡಿ" ಅಂದೆ. ಒಪ್ಪಿದ್ರು. "ಆದ್ರೆ ಸುಮಾ, ಜೂನ್ ಒಂದನೇ ತಾರೀಖು ಗಾಡಿ ಬರ್ಲಿಲ್ಲ ಅಂದ್ರೆ ನಾವು ಬೇರೆ ವ್ಯಾನ್ ಮಾತಾಡ್ಕೋತೀವಿ" ಅಂತ ಕಡ್ಡಿ ಮುರಿದಂಗೆ ಹೇಳಿದ್ರು.

ನನ್ನ ಹತ್ರ ಇದ್ದಿದ್ದು ನಾಲ್ಕು ಲಕ್ಷ ಎಂಬತ್ತು ಸಾವಿರ. ಹನ್ನೆರಡು ವರ್ಷದ ಸೊಂಟ ಅದು. ಅದಕ್ಕೆ ಹೊಸ ಗಾಡಿಯ ಬಾಗಿಲೂ ಬರಲ್ಲ. ಕೊನೆಗೆ ಬಸವೇಶ್ವರನಗರದಲ್ಲಿ ಒಂದು ಹಳದಿ ಬೋರ್ಡಿನ ಎಸ್‌ಯುವಿ ಸಿಕ್ತು. ಏಳು ಸೀಟು, ಡೀಸೆಲ್, ಮೀಟರಿನಲ್ಲಿ ಎರಡು ಲಕ್ಷ ಅರವತ್ತೊಂದು ಸಾವಿರ ಕಿಲೋಮೀಟರ್. ಓನರ್ ಸಂಪತ್ ಅಂತ, ಟ್ರಿಪ್ಪಿಗೆ ಬಿಡ್ತಿದ್ದವನು. ನಾಲ್ಕು ನಲವತ್ತಕ್ಕೆ ಒಪ್ಪಿದ. ಉಳಿದ ನಲವತ್ತು ಸಾವಿರ ರಿಪೇರಿಗೆ ಅಂತ ಎತ್ತಿಟ್ಟೆ. ಅಷ್ಟು ಓಡಿರೋ ಗಾಡಿ ಅಂದ್ಮೇಲೆ ಟೈರು, ಬ್ಯಾಟರಿ, ಬ್ರೇಕು ಅಂತ ಖರ್ಚು ಬಂದೇ ಬರುತ್ತೆ, ನಾನೇನು ಪೆದ್ದಿಯಲ್ಲ ಅಂತ ನನ್ನ ಬೆನ್ನು ನಾನೇ ತಟ್ಕೊಂಡೆ.

ಲಗ್ಗೆರೆಯಲ್ಲಿ ರುದ್ರೇಶ ಅಂತ ಮೆಕ್ಯಾನಿಕ್ ಇದಾನೆ, ನಮ್ಮ ಮನೆಯವರ ಸ್ನೇಹಿತ. "ಅಕ್ಕ, ಅಡ್ವಾನ್ಸ್ ಕೊಡೋಕ್ಮುಂಚೆ ಒಂದ್ಸಲ ನನಗೆ ತೋರಿಸಿ, ಸಾವಿರದೈನೂರು ಕೊಟ್ರೆ ಪೂರ್ತಿ ಚೆಕ್ ಮಾಡ್ತೀನಿ" ಅಂದ. ನಮ್ಮ ಮಾವ ಪಕ್ಕದಲ್ಲೇ ಕೂತಿದ್ರು.

"ಅವನು ಗಾಡೀನ ಅರ್ಧ ಗಂಟೆ ನೋಡ್ತಾನೆ. ಆ ಬೀದಿಯವರು ಆರು ವರ್ಷದಿಂದ ನೋಡ್ತಾ ಇದಾರೆ. ಯಾರನ್ನ ಕೇಳ್ಬೇಕು, ನೀನೇ ಹೇಳಮ್ಮ" ಅಂದ್ರು.

ಮಾತು ಸರಿ ಅನ್ನಿಸ್ತು. ಅಲ್ಲೇ ನನ್ನ ಬುದ್ಧಿಗೆ ಮಂಕು ಕವಿದಿದ್ದು.

ಮಾವ ಮಾರನೇ ದಿನ ಇಸ್ತ್ರಿ ಪಂಚೆ ಉಟ್ಕೊಂಡು, ಗಂಡು ನೋಡೋಕೆ ಹೊರಟವರ ಥರ ಬಸವೇಶ್ವರನಗರಕ್ಕೆ ಹೋದ್ರು. ಮಧ್ಯಾಹ್ನ ಬೆಲ್ಲದ ಪೊಟ್ಟಣ ಹಿಡ್ಕೊಂಡು ಬಂದ್ರು. ಇಸ್ತ್ರಿಯವನು "ಚಿನ್ನದಂಥ ಗಾಡಿ ಸಾರ್" ಅಂದನಂತೆ. ದಿನಸಿ ಅಂಗಡಿಯವನು "ಒಂದಿನಾನೂ ಕೆಟ್ಟು ನಿಂತಿದ್ದು ನೋಡಿಲ್ಲ" ಅಂದನಂತೆ. ಎದುರು ಮನೆಯಾಕೆ ನೀರು ಕೇಳಿದ್ರೆ ಮಜ್ಜಿಗೆ ಕೊಟ್ಟು, "ಬೇಗ ತಗೊಂಡ್ಬಿಡಿ, ಇಂಥದ್ದು ಮತ್ತೆ ಸಿಗಲ್ಲ" ಅಂದಳಂತೆ. ಮೂರೂ ಕಡೆ ಒಂದೇ ಮಾತು. ಸಂಜೆಗೆ ನಾನು ದುಡ್ಡು ಕೊಟ್ಟು ಕೀ ತಗೊಂಡೆ.

ಎಂಟು ದಿನ ಚೆನ್ನಾಗಿತ್ತು. ಒಂಬತ್ತನೇ ದಿನ ದೀಪಾಂಜಲಿ ನಗರದ ಮೆಟ್ರೋ ಹತ್ರ ಗಾಡಿ ಎಳೆಯೋದೇ ಬಿಟ್ಟು, ಹಿಂದಿನಿಂದ ಕಪ್ಪು ಹೊಗೆ ಉಗುಳೋಕೆ ಶುರು ಮಾಡ್ತು. ಹಿಂದಿದ್ದ ಸ್ಕೂಟರಿನವನು ಮುಖ ಒರೆಸ್ಕೊಂಡು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಎಳೆಸ್ಕೊಂಡು ಲಗ್ಗೆರೆಗೆ ಹೋದೆ. ರುದ್ರೇಶ ಬಾನೆಟ್ ಎತ್ತಿ ಎರಡು ತಾಸು ತಡಕಾಡಿ, ಕೈ ಒರೆಸ್ಕೊಂಡ.

"ಟರ್ಬೋ ಹೋಗಿದೆ, ಕ್ಲಚ್ ಮುಗಿದಿದೆ, ಇಂಜೆಕ್ಟರ್ ನಾಲ್ಕೂ ಲೀಕು. ಒಂದು ಲಕ್ಷ ಹದಿನೈದು ಸಾವಿರ ಆಗುತ್ತಕ್ಕ. ಇದು ನಿನ್ನೆ ಮೊನ್ನೆ ಬಂದಿದ್ದಲ್ಲ, ವರ್ಷದಿಂದ ಇದೆ."

ನನ್ನ ನಲವತ್ತು ಸಾವಿರ ಎಲ್ಲಿಗೆ ಸಾಲುತ್ತೆ. ಮೇ ಇಪ್ಪತ್ತು ಆಗಿತ್ತು.

ಮಾವನ್ನೂ ಆಟೋದಲ್ಲಿ ಕೂರಿಸ್ಕೊಂಡು ನೆಟ್ಟಗೆ ಆ ಬೀದಿಗೆ ಹೋದೆ. ಸಂಪತ್ ಮನೆಗೆ ಬೀಗ, ಫೋನು ಸ್ವಿಚ್ ಆಫ್. ಇಸ್ತ್ರಿಯವನನ್ನ ಹಿಡ್ಕೊಂಡೆ. ಪಾಪ, ಅವನು ಮುಚ್ಚಿಡಲೂ ಇಲ್ಲ.

"ಆಂಟಿ, ಅವನು ಬೆಳಗಿನ ಜಾವ ಸ್ಟಾರ್ಟ್ ಮಾಡಿದ್ರೆ ಹೊಗೆ ನಮ್ಮ ಮನೆಯೊಳಗೇ ಬರ್ತಿತ್ತು. ಇಸ್ತ್ರಿ ಮಾಡಿದ ಬಟ್ಟೆ ಮೇಲೆಲ್ಲ ಮಸಿ. ಇಷ್ಟಗಲದ ರಸ್ತೇಲಿ ಇನ್ನೊಂದು ಸೈಕಲ್ ನಿಲ್ಲಿಸೋಕೂ ಜಾಗ ಇರ್ಲಿಲ್ಲ. ಗಾಡಿ ಯಾರಾದ್ರೂ ತಗೊಂಡೋಗ್ಲಪ್ಪ ಅಂತ ಬೀದಿಯವರೆಲ್ಲ ಕಾಯ್ತಿದ್ವಿ. ಅಷ್ಟರಲ್ಲಿ ಯಜಮಾನ್ರು ಬಂದ್ರು."

ಗಾಡಿ ನಿಂತಿದ್ದ ಜಾಗದಲ್ಲಿ ಆಗಲೇ ಮೂರು ಸ್ಕೂಟರು ನಿಂತಿದ್ವು. ಪಕ್ಕದಲ್ಲಿ ಎದುರು ಮನೆಯಾಕೆ ಎರಡು ದಾಸವಾಳದ ಕುಂಡ ಇಟ್ಟಿದ್ದಳು. ನಾನು ಅವಳ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂಗೆ ಬೈದೆ. ಮಜ್ಜಿಗೆಯನ್ನೂ ಬಿಡಲಿಲ್ಲ.

ಆಟೋದಲ್ಲಿ ವಾಪಸ್ ಬರ್ತಾ ಮಾವ ನಿಧಾನಕ್ಕೆ ಹೇಳಿದ್ರು. "ಅವರನ್ನ ಬೈಬೇಡ ಸುಮಾ. ನನ್ನನ್ನೂ ಎಷ್ಟೋ ಜನ ಹಂಗೇ ಕೇಳಿದಾರೆ. ನಮ್ಮ ಬೀದಿ ಹುಡುಗ ಕುಡೀತಾನೆ ಅಂತ ಗೊತ್ತಿದ್ದೂ ಒಳ್ಳೆ ಹುಡುಗ ಅಂದಿದೀನಿ. ಆಗೋ ಕಾರ್ಯ ನಮ್ಮ ಬಾಯಿಂದ ಕೆಡಬಾರದು ಅಂತ. ಅವನಿಗೆ ಕೊಟ್ಟ ಲಗ್ಗೆರೆ ಹುಡುಗಿ ಎಂಟು ತಿಂಗಳಿಗೆ ಏಟು ತಿಂದು ಮುಖ ಊದಿಸ್ಕೊಂಡು ತವರಿಗೆ ಬಂದ್ಲು."

ನನಗೆ ಆಗ ಯಾವ ಲಗ್ಗೆರೆ ಹುಡುಗಿಯೂ ಬೇಕಿರಲಿಲ್ಲ. ನನ್ನ ದುಡ್ಡು ಬೇಕಿತ್ತು. "ಈಗ್ಯಾಕೆ ಮಾವ ಆ ಪುರಾಣ" ಅಂದುಬಿಟ್ಟೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಈ ಗಾಡೀನ ಯಾರಿಗಾದ್ರೂ ದಾಟಿಸಿ, ಬಂದ ದುಡ್ಡಲ್ಲಿ ಏಳು ಸೀಟಿನ ಚಿಕ್ಕ ವ್ಯಾನ್ ನೋಡಿದ್ರೆ ಜೂನ್ ಒಂದಕ್ಕೆ ಹೇಗೋ ಆಗುತ್ತೆ. ರುದ್ರೇಶನಿಗೆ ಹೇಳಿ ಆರು ಸಾವಿರದಲ್ಲಿ ಹೊಗೆ ನಾಲ್ಕು ದಿನ ಕಾಣದ ಹಾಗೆ ಮಾಡಿಸಿದೆ. ಅವನು "ಬೇಡಕ್ಕ" ಅಂದ. "ನಿನ್ನ ಕೆಲಸ ನೀನು ಮಾಡಪ್ಪ" ಅಂದೆ. ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದ ಮೂರನೇ ದಿನ ಕೆಂಗೇರಿಯಿಂದ ಪಾರ್ಟಿ ಬಂತು. ನಾಲ್ಕು ಹತ್ತಕ್ಕೆ ಮಾತೂ ಆಯ್ತು. "ಒಂದು ಟೀ ಕುಡಿದು ಬರ್ತೀವಮ್ಮ, ಬಂದು ಅಡ್ವಾನ್ಸ್ ಕೊಡ್ತೀವಿ" ಅಂತ ಬೀದಿ ತುದಿಯ ಟೀ ಅಂಗಡಿಗೆ ಹೋದ್ರು. ವಾಪಸ್ ಬರಲೇ ಇಲ್ಲ.

ಟೀ ಅಂಗಡಿ ಬೆಂಚಿನ ಮೇಲೆ ನಮ್ಮ ಮಾವ ಕೂತಿದ್ರು.

ಕೆಂಗೇರಿಯವರು, ಬೀದಿಯ ಹಿರಿಯರು ಅಂತ ಇವರನ್ನೇ ವಿಚಾರಿಸಿದಾರೆ. ನಮ್ಮ ಮಾವ ಟರ್ಬೋದಿಂದ ಶುರು ಮಾಡಿ ಇಂಜೆಕ್ಟರ್‌ವರೆಗೂ ಒಂದೂ ಬಿಡದೆ ಒಪ್ಪಿಸಿ, ಯಾವುದಕ್ಕೆ ಎಷ್ಟಾಗುತ್ತೆ ಅಂತಾನೂ ಹೇಳಿದಾರೆ. ನೀವು ಯಾರು ಅಂತ ಕೇಳಿದ್ದಕ್ಕೆ, "ಗಾಡಿ ನನ್ನ ಸೊಸೇದು" ಅಂದಿದಾರೆ.

ಮದುವೆಯಾಗಿ ಹದಿನೇಳು ವರ್ಷದಲ್ಲಿ ಮಾವನ ಮುಂದೆ ನಾನು ದನಿ ಎತ್ತಿರಲಿಲ್ಲ. ಅವತ್ತು ಎತ್ತಿದೆ. "ಬೇರೆಯವರ ಮನೆ ಹುಳುಕೆಲ್ಲ ಜನ್ಮವಿಡೀ ಮುಚ್ಚಿಟ್ರಿ. ನಿಜ ಹೇಳೋಕೆ ನನ್ನ ಗಾಡೀನೇ ಸಿಗ್ಬೇಕಿತ್ತಾ? ನನ್ನ ಸೊಂಟಕ್ಕಿಂತ ಆ ಕೆಂಗೇರಿಯವನು ಹೆಚ್ಚಾದ್ನಾ ನಿಮಗೆ?" ಅಂದೆ. ಅತ್ತೆ ಒಳಗಿಂದ ಓಡಿ ಬಂದ್ರು.

ಮಾವ ತಲೆ ತಗ್ಗಿಸ್ಕೊಂಡೇ ಹೇಳಿದ್ರು. "ಅವನಲ್ಲ ಕಣಮ್ಮ ಓಡಿಸೋದು. ಅವನ ಮಗಳು. ಅವಳೂ ಬಂದಿದ್ಲು, ನೀನು ಸರಿಯಾಗಿ ನೋಡ್ಲಿಲ್ಲ. ಗಂಡ ಬಿಟ್ಟಿದಾನಂತೆ. ಸರ ಮಾರಿ ದುಡ್ಡು ತಂದಿದ್ಲು."

ಒಳಗೆ ಹೋಗಿ ನನ್ನ ಬಳೆ ನಾಲ್ಕನ್ನೂ ಬಿಚ್ಚಿ ಬ್ಯಾಂಕಿನಲ್ಲಿ ಅಡ ಇಟ್ಟು, ಬಂದ ದುಡ್ಡನ್ನ ರುದ್ರೇಶನಿಗೆ ಕೊಟ್ಟೆ. ಗಾಡಿ ಮೇ ಮೂವತ್ತೊಂದರ ಸಂಜೆ ಕೈಗೆ ಬಂತು. ಈಗ ಆರು ತಿಂಗಳಾಯ್ತು, ಟೀಚರ್‌ಗಳು ಹಿಂದೆ ಕೂತು ಹರಟ್ತಾರೆ, ನಾನು ಮುಂದೆ ಕೂತು ಯಾವ ಮೂಲೇಲಿ ಏನು ಸದ್ದು ಬರ್ತಿದೆ ಅಂತ ಕಿವಿ ಕೊಟ್ಟು ಓಡಿಸ್ತೀನಿ. ತಿಂಗಳಿಗೆ ಮೂರು ಸಾವಿರ ಮುಂದಿನ ರಿಪೇರಿಗೆ ಎತ್ತಿಡ್ತೀನಿ.

ಸಿಗ್ನಲ್‌ನಲ್ಲಿ ನಿಂತಾಗ ಒಮ್ಮೊಮ್ಮೆ ಆ ಹುಡುಗಿ ನೆನಪಾಗ್ತಾಳೆ. ಮುಖ ನೆನಪಿಲ್ಲ, ನಾನು ನೋಡಿದ್ರೆ ತಾನೆ. ಅವತ್ತು ಮಾವ ಆ ಬೆಂಚಿನ ಮೇಲೆ ಇಲ್ಲದೆ ಹೋಗಿದ್ರೆ, ಅವಳಿಗೆ ಕೀ ಕೊಟ್ಟು, ದುಡ್ಡು ಎಣಿಸ್ಕೊಂಡು, ರಾತ್ರಿ ನನಗೆ ನಿದ್ದೆ ಬರ್ತಿತ್ತಾ ಅಂತ ಕೇಳ್ಕೋತೀನಿ. ಬರ್ತಿತ್ತು. ಚೆನ್ನಾಗೇ ಬರ್ತಿತ್ತು.