ಅಪ್ಪ ನೋಡಿದ ವಸಡು

ಕುರಿ ಸಾಕುವ ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗ ನಾನು. ತುರುವನೂರಿಗೆ ಮರಳಿದ ಮೇಲೂ ಬೇವಿನ ಕಡ್ಡಿ ಮುಟ್ಟದೆ, ಮೈಸೂರಿನಿಂದ ತಂದ ಬ್ರಷ್ಷಿನಲ್ಲೇ ಹಲ್ಲುಜ್ಜುತ್ತಿದ್ದೆ. ಹಲ್ಲಿನ ಶುಚಿಯ ಬಗ್ಗೆ ಕೇಳದವರಿಗೂ ಉಪದೇಶ ಮಾಡುತ್ತಿದ್ದೆ. ಹಾಗಾಗಿ ನನ್ನ ವಸಡಿನಲ್ಲೇ ರಕ್ತ ಬಂದಾಗ ಯಾರಿಗೂ ಹೇಳಲಿಲ್ಲ. ನೋಯುವ ಕಡೆ ಉಜ್ಜುವುದನ್ನೇ ಬಿಟ್ಟೆ. ಎರಡು ತಿಂಗಳಲ್ಲಿ ಮುಂದಿನ ಹಲ್ಲೊಂದು ಅಲುಗಾಡತೊಡಗಿತು. ಮುದ್ದೆ ನುಂಗಲು ಹಲ್ಲು ಬೇಕಿಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಒಂದು ಬೆಳಿಗ್ಗೆ ನಾನು ಉಗಿದ ಕೆಂಪು ನೀರನ್ನು ಅಪ್ಪ ಕಂಡ. ಸಂತೆಯಲ್ಲಿ ಟಗರಿನ ಬಾಯಿ ಬಿಡಿಸಿ ನೋಡುವಂತೆ ನನ್ನ ಗದ್ದ ಹಿಡಿದು, ತುಟಿ ಎತ್ತಿ, ವಸಡು ಒತ್ತಿದ. ಕೀವು ಬಂತು.

"ಎಷ್ಟು ದಿನ ಆತಲೇ?"

"ಎರಡು ತಿಂಗಳು."

"ಕುರಿ ಆಗಿದ್ರೆ ಹೋದ ಸಂತೇಲೇ ಮಾರ್ತಿದ್ದೆ. ಬಿ.ಎ. ಓದಿದೋನ್ನ ಯಾರು ತಗಂತಾರೆ? ನಡಿ, ದುರ್ಗದ ಆಸ್ಪತ್ರೆಗೆ ಹೋಗಾಣ."

ಡಾಕ್ಟರು ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕೂತಿದ್ದ ಪಾಚಿಯನ್ನು ಕೆರೆದರು, ಅಲುಗಾಡುವ ಹಲ್ಲನ್ನು ಕಿತ್ತರು. ಮೊದಲ ಸಲ ರಕ್ತ ಬಂದು ವಾರವಾದರೂ ನಿಲ್ಲದಿದ್ದಾಗಲೇ ಬಂದಿದ್ದರೆ ಆ ಹಲ್ಲು ಉಳಿಯುತ್ತಿತ್ತೇನೋ ಎಂದರು. ಕೀವು ಕಂಡುಹಿಡಿದವರು ಯಾರೆಂದು ಕೇಳಿ ತಿಳಿದ ಮೇಲೆ, ಬಿಸಿ ಉಪ್ಪುನೀರು ಮುಕ್ಕಳಿಸುವುದು, ರಕ್ತ ಬರುವ ಕಡೆಯೂ ಬಿಡದೆ ಮೆತ್ತಗೆ ಉಜ್ಜುವುದು, ಎಲ್ಲವನ್ನೂ ಅಪ್ಪನಿಗೇ ವಿವರಿಸಿದರು.